ಅಗ್ಗದ ವಾಚು, ದುಬಾರಿ ವಾಚು: ವಾಚು ಮಾರುವವನಿಗೆ ಪದೇ ಪದೇ ಬರುವ ಪ್ರಶ್ನೆಗಳು

ವಾಚು ಮಾರುವುದು ನನ್ನ ಕೆಲಸ. ನನ್ನ ಗಾಜಿನ ಕಪಾಟಿನಲ್ಲಿ ಪ್ಲಾಸ್ಟಿಕ್ ಕ್ಯಾಸಿಯೊ ಇದೆ. ಎರಡು ಅಡಿ ಆಚೆಗೆ, ಅಂಥ ನೂರಾರು ಕ್ಯಾಸಿಯೊ ಕೊಳ್ಳಬಹುದಾದ ಬೆಲೆಯ ವಾಚೂ ಇದೆ. ಎರಡನ್ನೂ ಒಂದೇ ಬಟ್ಟೆಯಲ್ಲಿ ಒರೆಸುತ್ತೇನೆ. ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹೇಳಿ ಹೇಳಿ ಬಾಯಿಪಾಠ ಆಗಿರುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎರಡೂ ತೋರಿಸುವುದು ಅದೇ ಸಮಯ. ಬೆಲೆಯಲ್ಲಿ ಇಷ್ಟು ಅಂತರ ಯಾಕೆ?

ಸಮಯ ಅನ್ನುವುದು ವಾಚಿನಲ್ಲಿ ಸಿಗುವ ಅತ್ಯಂತ ಅಗ್ಗದ ವಸ್ತು. ಅದು ತೀರಾ ಕಡಿಮೆ ಬೆಲೆಯ ವಾಚಿನಲ್ಲೇ ಪೂರ್ತಿ ಸಿಕ್ಕಿಬಿಡುತ್ತದೆ. ಅದರ ಮೇಲೆ ನೀವು ಕೊಡುವ ಒಂದೊಂದು ಕಾಸೂ ಬೇರೆ ಯಾವುದಕ್ಕೋ ಹೋಗುತ್ತದೆ. ಯಾವುದಕ್ಕೆ ಅಂತ ತಿಳಿದುಕೊಂಡು ಕೊಟ್ಟರೆ ಬೇಜಾರಿಲ್ಲ.

ಮೊದಮೊದಲು ದುಡ್ಡು ವಸ್ತುವಿಗೆ ಹೋಗುತ್ತದೆ. ತಗಡಿನ ಬದಲು ಗಟ್ಟಿ ಉಕ್ಕು, ಮಾಮೂಲಿ ಗಾಜಿನ ಬದಲು ಸುಲಭಕ್ಕೆ ಗೀರು ಬೀಳದ ಸಫೈರ್ ಗಾಜು, ಗಲಗಲ ಅನ್ನುವ ಚೈನಿನ ಬದಲು ತುಂಬಿದ ಕೊಂಡಿಗಳ ಚೈನು. ಇವನ್ನು ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಗೊತ್ತಾಗುತ್ತದೆ. ಇನ್ನೂ ಮೇಲೆ ಹೋದಂತೆ ದುಡ್ಡು ಮನುಷ್ಯರ ಸಮಯಕ್ಕೆ ಹೋಗುತ್ತದೆ. ಒಬ್ಬ ಕುಶಲಕರ್ಮಿ ಉಗುರಿಗಿಂತ ಚಿಕ್ಕ ತುಂಡೊಂದರ ಅಂಚನ್ನು ದಿನಗಟ್ಟಲೆ ಉಜ್ಜಿರುತ್ತಾನೆ. ಅದಕ್ಕೂ ಮೇಲೆ ಹೋದರೆ ಹೆಸರು, ಜಾಹೀರಾತು, ಸಿಗುವುದೇ ಕಷ್ಟ ಅನ್ನುವ ಗತ್ತು. ಇದೂ ಬೆಲೆಯಲ್ಲಿ ಸೇರಿಕೊಂಡಿರುತ್ತದೆ. ನಮ್ಮ ವ್ಯಾಪಾರದವರು ಈ ಕೊನೆಯ ಪಾಲಿನ ಬಗ್ಗೆ ಬಾಯಿ ಬಿಡುವುದು ಕಡಿಮೆ. ನಾನಂತೂ ಕೇಳಿದರೆ ಹೇಳಿಬಿಡುತ್ತೇನೆ. ಹೇಳಿದ ಮೇಲೂ ಜನ ಕೊಳ್ಳುತ್ತಾರೆ, ಅದು ಬೇರೆ ಮಾತು.

ದುಬಾರಿ ವಾಚು ಹೆಚ್ಚು ಸರಿಯಾದ ಸಮಯ ತೋರಿಸುತ್ತದಾ?

ಇಲ್ಲ. ಇದನ್ನು ಕೇಳಿದಾಗ ಕೆಲವರ ಮುಖ ಸಪ್ಪೆ ಆಗುತ್ತದೆ.

ಕ್ಯಾಸಿಯೊದ ಎಫ್-91ಡಬ್ಲ್ಯು ಬಂದದ್ದು 1989ರಲ್ಲಿ. ಕಂಪನಿ ಹೇಳುವ ಲೆಕ್ಕದಲ್ಲಿ ಅದು ತಪ್ಪಿದರೂ ತಿಂಗಳಿಗೆ 30 ಸೆಕೆಂಡಿನ ಒಳಗೆ. ಅಂದರೆ ದಿನಕ್ಕೆ ಒಂದು ಸೆಕೆಂಡು. ಸ್ವಿಟ್ಜರ್ಲೆಂಡಿನಲ್ಲಿ ಕಾಸ್ಕ್ ಎಂಬ ಸಂಸ್ಥೆ ಸ್ಪ್ರಿಂಗ್ ವಾಚುಗಳ ಮೆಷಿನ್ ಪರೀಕ್ಷೆ ಮಾಡಿ 'ಕ್ರೋನೋಮೀಟರ್' ಎಂಬ ಪ್ರಮಾಣಪತ್ರ ಕೊಡುತ್ತದೆ. ಅದು ಪಾಸಾಗಲು ದಿನಕ್ಕೆ 4 ಸೆಕೆಂಡು ಹಿಂದೆಯಿಂದ 6 ಸೆಕೆಂಡು ಮುಂದೆಯವರೆಗೆ ಇರಬಹುದು. ರೋಲೆಕ್ಸ್ ತನಗೆ ತಾನೇ ಇಟ್ಟುಕೊಂಡಿರುವ ಮಿತಿ ದಿನಕ್ಕೆ 2 ಸೆಕೆಂಡು ಆಚೆ ಈಚೆ. ಅಂದರೆ ಅಲ್ಲಿಯವರೆಗೆ ಹೋದರೂ ಪ್ಲಾಸ್ಟಿಕ್ ಕ್ಯಾಸಿಯೊದ ಹಿಂದೆಯೇ.

ಆದರೆ ಇದನ್ನು ಇನ್ನೊಂದು ಕಡೆಯಿಂದ ನೋಡಿ. ದಿನಕ್ಕೆ 86,400 ಸೆಕೆಂಡು. ಹತ್ತು ಸೆಕೆಂಡು ತಪ್ಪಿದ ಸ್ಪ್ರಿಂಗ್ ವಾಚು ಕೂಡ ಶೇಕಡಾ 99.98ಕ್ಕಿಂತ ಜಾಸ್ತಿ ಸರಿ ಇದೆ. ಅದೂ ಸೆಲ್ ಇಲ್ಲದೆ, ವಿದ್ಯುತ್ತಿಲ್ಲದೆ, ಸುರುಳಿ ಸುತ್ತಿದ ಒಂದು ಉಕ್ಕಿನ ಪಟ್ಟಿ ಬಿಚ್ಚಿಕೊಳ್ಳುವ ಬಲದಲ್ಲಿ. ಒಳಗೆ ಲಯ ಕಾಯುವ ಬ್ಯಾಲೆನ್ಸ್ ಚಕ್ರ ಗಂಟೆಗೆ 28,800 ಸಲ ಆಡುವ ಮೆಷಿನ್ ಆದರೆ, ದಿನಕ್ಕೆ ಸುಮಾರು ಏಳು ಲಕ್ಷ ಸಲ ಆಚೆ ಈಚೆ ತೂಗುತ್ತದೆ. ನೀವು ಕೈ ಬೀಸುತ್ತೀರಿ, ಮೇಜಿಗೆ ತಗುಲಿಸುತ್ತೀರಿ, ಚಳಿಯಿಂದ ಬಿಸಿಲಿಗೆ ಬರುತ್ತೀರಿ. ಅಷ್ಟಾದರೂ ಹತ್ತೇ ಸೆಕೆಂಡು! ನನಗೆ ಈಗಲೂ ನಂಬಲು ಕಷ್ಟ.

ಹಾಗಾದರೆ ಸೆಲ್ ವಾಚು ಅಂದರೆ ಕೀಳು ಅನ್ನುವ ಮಾತು ಎಲ್ಲಿಂದ ಬಂತು?

ಬೆಲೆ ಇಳಿದದ್ದರಿಂದ ಬಂತು, ಅಷ್ಟೇ. ಕತೆ ಸ್ವಲ್ಪ ಉದ್ದ. ಆದರೆ ಇದು ಗೊತ್ತಾದರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗಿಯೇ ಕರಗುತ್ತವೆ.

ಮೊದಲ ಕ್ವಾರ್ಟ್ಜ್ ಕೈಗಡಿಯಾರ ಸೀಕೋದ ಆಸ್ಟ್ರಾನ್. 1969ರ ಡಿಸೆಂಬರ್ 25ರಂದು ಟೋಕಿಯೋದಲ್ಲಿ ಮಾರಾಟಕ್ಕೆ ಬಂತು. ಚಿನ್ನದ ಕೇಸು. ಬೆಲೆ ಆಗಿನ ಒಂದು ಸಣ್ಣ ಕಾರಿನಷ್ಟು. ಈಗ ನಾವು 'ಸೆಲ್ ವಾಚು' ಅಂತ ಮೂಗು ಮುರಿಯುವ ವಸ್ತು ಹುಟ್ಟಿದ್ದು ಶ್ರೀಮಂತರ ಕೈಯಲ್ಲಿ.

ಒಳಗಿನ ಉಪಾಯ ಮಾತ್ರ ಚಂದ. ಕ್ವಾರ್ಟ್ಜ್ ಹರಳಿಗೆ ವಿದ್ಯುತ್ತು ಕೊಟ್ಟರೆ ಅದು ಒಂದೇ ಲಯದಲ್ಲಿ ನಡುಗುತ್ತದೆ. ಇವತ್ತಿನ ಮಾಮೂಲಿ ವಾಚಿನಲ್ಲಿ ಸೆಕೆಂಡಿಗೆ 32,768 ಸಲ. ಈ ವಿಚಿತ್ರ ಸಂಖ್ಯೆ ಯಾಕೆ ಅಂತೀರಾ? ಅದನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ. ಹೀಗೆ 15 ಸಲ ಮಾಡಿದರೆ ಸರಿಯಾಗಿ ಒಂದು ಉಳಿಯುತ್ತದೆ. ಆ ಒಂದೇ ನಿಮ್ಮ ಸೆಕೆಂಡಿನ ಮುಳ್ಳನ್ನು ಒಂದು ಹೆಜ್ಜೆ ಮುಂದಿಡಿಸುವುದು.

ಆಮೇಲೆ ಬೆಲೆ ದಬದಬ ಇಳಿಯಿತು. ಸ್ವಿಟ್ಜರ್ಲೆಂಡಿನಲ್ಲಿ ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಇದಕ್ಕೆ ಎರಡು ದಿಕ್ಕಿನಿಂದ ಉತ್ತರ ಬಂತು. ಒಂದು ಮೇಲಿನಿಂದ. 1972ರಲ್ಲಿ ಆಡಮಾರ್ ಪಿಗೇ ಕಂಪನಿ ರಾಯಲ್ ಓಕ್ ತಂದಿತು. ವಿನ್ಯಾಸ ಜೆರಾಲ್ಡ್ ಜೆಂಟಾ ಅವರದು. ಉಕ್ಕಿನ ವಾಚಿಗೆ ಚಿನ್ನದ ವಾಚಿಗಿಂತ ಜಾಸ್ತಿ ಬೆಲೆ! ಆಗ ಜನ ನಕ್ಕರು. ಇನ್ನೊಂದು ಉತ್ತರ ಕೆಳಗಿನಿಂದ. 1983ರಲ್ಲಿ ಸ್ವಾಚ್ ಬಂತು. ಪ್ಲಾಸ್ಟಿಕ್ ಕೇಸು, ಬರೀ 51 ಬಿಡಿಭಾಗ, ಒಳಗೆ ಸೆಲ್. ಅಷ್ಟು ದಿನ ಕಾಡಿದ ಕ್ವಾರ್ಟ್ಜನ್ನೇ ಸ್ವಿಸ್ಸರು ಬಣ್ಣ ಬಳಿದು ಮಾರಿದರು. ಇವತ್ತು ದುಬಾರಿ ವಾಚಿನ ಮನೆತನಗಳಲ್ಲಿ ಕೆಲವು ಉಸಿರಾಡುತ್ತಿರುವುದಕ್ಕೆ ಈ ಪ್ಲಾಸ್ಟಿಕ್ ವಾಚಿನ ದುಡ್ಡೂ ಕಾರಣ. ಒಮೆಗಾ ಇರುವುದು ಸ್ವಾಚ್ ಗ್ರೂಪಿನಲ್ಲೇ ಅಲ್ವಾ?

ಎಲ್ಲ ಸೆಲ್ ವಾಚೂ ಅಗ್ಗವೇ?

ಅಲ್ಲ. ಸಿಟಿಜನ್ ಕಂಪನಿಯ ಕ್ಯಾಲಿಬರ್ 0100 ಎಂಬ ಮೆಷಿನ್ ವರ್ಷಕ್ಕೆ ಒಂದು ಸೆಕೆಂಡಿನ ಮಿತಿಯಲ್ಲಿ ನಡೆಯುತ್ತದೆ. ತಿಂಗಳಿಗಲ್ಲ, ವರ್ಷಕ್ಕೆ. ಅದು ಬೆಳಕಿನಿಂದ ಚಾರ್ಜ್ ಆಗುತ್ತದೆ, ಬೆಲೆಯೂ ಹಗುರವಲ್ಲ. ಗ್ರ್ಯಾಂಡ್ ಸೀಕೋದ ಸ್ಪ್ರಿಂಗ್ ಡ್ರೈವ್ ಇನ್ನೊಂದು ಥರ: ಓಡಿಸುವುದು ಸ್ಪ್ರಿಂಗು, ಲಯ ಕಾಯುವುದು ಕ್ವಾರ್ಟ್ಜ್ ಹರಳು. ಸೆಲ್ ಇಲ್ಲ. ಅದರ ಸೆಕೆಂಡಿನ ಮುಳ್ಳು ಟಿಕ್ ಅನ್ನದೆ, ನೀರಿನ ಮೇಲೆ ಎಲೆ ತೇಲಿದ ಹಾಗೆ ಸಾಗುತ್ತದೆ. ಕೊಳ್ಳದಿದ್ದರೂ ಪರವಾಗಿಲ್ಲ, ಎಲ್ಲಾದರೂ ಸಿಕ್ಕರೆ ಒಂದು ನಿಮಿಷ ನೋಡಿ.

ಅಗ್ಗದ ವಾಚಿನಲ್ಲಿ ಮೆಚ್ಚುವಂಥದ್ದು ಏನಿದೆ? ಮಾರಬೇಕು ಅಂತ ಹೇಳುತ್ತಿಲ್ಲ ತಾನೇ?

ಅಗ್ಗದ ವಾಚಿನಲ್ಲಿ ನನಗೆ ಸಿಗುವ ಲಾಭ ಏನೂ ಅಲ್ಲ. ಹಾಗಾಗಿ ಈ ಮಾತನ್ನು ಧಾರಾಳವಾಗಿ ನಂಬಬಹುದು.

ಅಗ್ಗದ ವಾಚಿನಲ್ಲಿ ನೋಡಬೇಕಾದ್ದು ಏನನ್ನು ಬಿಟ್ಟಿದ್ದಾರೆ, ಏನನ್ನು ಬಿಟ್ಟಿಲ್ಲ ಅನ್ನುವುದು. ದುಬಾರಿ ವಾಚು ಮಾಡುವವನಿಗೆ ಎಲ್ಲವನ್ನೂ ಸೇರಿಸುವ ಸ್ವಾತಂತ್ರ್ಯ ಇದೆ. ಅಗ್ಗದ ವಾಚು ಮಾಡುವವನು ಒಂದೊಂದು ತಿರುಪಿಗೂ ಲೆಕ್ಕ ಕೊಡಬೇಕು. ಆ ಒತ್ತಡದಲ್ಲಿ ಹುಟ್ಟಿದ ಜಾಣತನ ನನಗೆ ತುಂಬಾ ಇಷ್ಟ.

ಎಫ್-91ಡಬ್ಲ್ಯುವನ್ನೇ ತೆಗೆದುಕೊಳ್ಳಿ. ತೂಕ ಸುಮಾರು 21 ಗ್ರಾಂ. ಕೈಯಲ್ಲಿದೆ ಅನ್ನುವುದೇ ಮರೆಯುತ್ತದೆ. ಒಂದು ಸೆಲ್ ಸುಮಾರು 7 ವರ್ಷ ಬರುತ್ತದೆ. ಅಲಾರಂ, ಸ್ಟಾಪ್‌ವಾಚ್, ತಾರೀಖು ಎಲ್ಲವೂ ಮೂರು ಗುಂಡಿಯಲ್ಲಿ. ಒಳಗಿನ ದೀಪ ಮಾತ್ರ ಸುಮ್ನೆ ಹೆಸರಿಗೆ. ಮೂಲೆಯಲ್ಲಿ ಮಿಣುಕುತ್ತದೆ, ಅರ್ಧ ಅಂಕಿ ಕಾಣುತ್ತದೆ, ಇನ್ನರ್ಧ ಊಹಿಸಿಕೊಳ್ಳಬೇಕು.

ಜಿ-ಶಾಕ್ ಕತೆ ಇನ್ನೂ ಚಂದ. ಕ್ಯಾಸಿಯೊದ ಎಂಜಿನಿಯರ್ ಕಿಕುವೊ ಇಬೆ ಅವರ ಅಪ್ಪ ಕೊಟ್ಟ ವಾಚು ಬಿದ್ದು ಒಡೆದಿತ್ತು. ಬಿದ್ದರೂ ಒಡೆಯದ ವಾಚು ಮಾಡಬೇಕು ಅಂತ ಹಠಕ್ಕೆ ಬಿದ್ದರು. 10 ಮೀಟರ್ ಎತ್ತರದಿಂದ ಬಿದ್ದರೂ ಉಳಿಯಬೇಕು, 10 ಬಾರ್ ನೀರಿನ ಒತ್ತಡ ತಡೆಯಬೇಕು, ಸೆಲ್ 10 ವರ್ಷ ಬರಬೇಕು. ಇದು ಅವರ ಗುರಿ. ಇನ್ನೂರಕ್ಕೂ ಜಾಸ್ತಿ ಮಾದರಿ ಮಾಡಿ ಬೀಳಿಸಿ ಬೀಳಿಸಿ ಒಡೆದರು. ಕೊನೆಗೆ ಹೊಳೆದದ್ದು ಮಕ್ಕಳು ಆಡುವ ರಬ್ಬರ್ ಚೆಂಡು ನೋಡಿ: ಒಳಗಿನ ಮೆಷಿನನ್ನು ಗಟ್ಟಿಯಾಗಿ ಕಟ್ಟದೆ ತೇಲಿಸಿದ ಹಾಗೆ ಕೂರಿಸಿದರೆ ಏಟು ಅಲ್ಲಿಗೆ ತಲುಪುವುದಿಲ್ಲ. 1983ರಲ್ಲಿ ಅದು ಮಾರುಕಟ್ಟೆಗೆ ಬಂತು. ಇದನ್ನು 'ಅಗ್ಗದ ವಾಚು' ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಸೆಲ್ ಬೇಡ, ಸ್ಪ್ರಿಂಗೇ ಬೇಕು ಅನ್ನುವವರಿಗೆ ನಾನು ಮೊದಲು ತೋರಿಸುವುದು ಸೀಕೋ 5. 1963ರಿಂದ ಆ ಹೆಸರು ನಡೆದು ಬಂದಿದೆ. ಐದು ಅಂದರೆ ಐದು ಮಾತು ಕೊಟ್ಟಿದ್ದರು: ತಾನೇ ಸುತ್ತಿಕೊಳ್ಳುವ ಆಟೋಮ್ಯಾಟಿಕ್, ಒಂದೇ ಕಿಟಕಿಯಲ್ಲಿ ವಾರ ಮತ್ತು ತಾರೀಖು, ನೀರಿಗೆ ತಡೆ, ಕೈಗೆ ಒತ್ತದ ಹಾಗೆ 4 ಗಂಟೆಯ ಜಾಗದಲ್ಲಿ ಕೀ, ಬಾಳಿಕೆ ಬರುವ ಕೇಸು ಮತ್ತು ಚೈನು. ಒಳಗಿನ ಮೆಷಿನ್ ನೋಡಲು ಒರಟು. ಆದರೆ ವರ್ಷಗಟ್ಟಲೆ ಯಾರೂ ಮುಟ್ಟದೆ ಬಿಟ್ಟ ಸೀಕೋ 5, ಅಲ್ಲಾಡಿಸಿದ ತಕ್ಷಣ ಟಿಕ್ ಟಿಕ್ ಅಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ದುಬಾರಿ ವಾಚು ಕೈಗೆ ಸಿಕ್ಕರೆ ಏನನ್ನು ನೋಡಬೇಕು?

ಹೆಸರನ್ನು ಕೊನೆಗೆ ನೋಡಿ. ಒಂದು ಭೂತಗನ್ನಡಿ ತೆಗೆದುಕೊಳ್ಳಿ.

ಮೊದಲು ಮುಳ್ಳುಗಳು. ಒಳ್ಳೆಯ ವಾಚಿನಲ್ಲಿ ಮುಳ್ಳಿನ ಅಂಚು ಚಾಕು ಎಳೆದ ಹಾಗೆ ಇರುತ್ತದೆ. ಸಾಧಾರಣ ವಾಚಿನಲ್ಲಿ ತಗಡು ಕತ್ತರಿಸಿದ ಗುರುತು ಕಾಣುತ್ತದೆ. ಆಮೇಲೆ ಕೇಸು. ಹೊಳೆಯುವ ಭಾಗವೂ ಮಾಸಲು ಗೀರಿನ ಭಾಗವೂ ಸೇರುವ ಗೆರೆ ನೋಡಿ. ಅದು ಚೂಪಾಗಿ, ನೇರವಾಗಿ ಇದ್ದರೆ ಪಾಲಿಶ್ ಮಾಡಿದವನ ಕೈ ಪಳಗಿದೆ ಅಂತ ಅರ್ಥ. ವಾಚನ್ನು ನಿಧಾನ ಓರೆ ಮಾಡಿ. ಟ್ಯೂಬ್‌ಲೈಟಿನ ಪ್ರತಿಬಿಂಬ ಲೋಹದ ಮೇಲೆ ನೇರ ಗೆರೆಯಾಗಿ ಬಿದ್ದರೆ ಒಳ್ಳೆಯದು. ಅಲೆ ಅಲೆಯಾಗಿ ತಿರುಚಿದರೆ ಮೇಲ್ಮೈ ಸಮ ಇಲ್ಲ. ಗ್ರ್ಯಾಂಡ್ ಸೀಕೋದವರು ಈ ಕನ್ನಡಿ ಪಾಲಿಶಿಗೇ ಪ್ರಸಿದ್ಧರು. ಅದನ್ನು ಅವರು ಝರಾತ್ಸು ಅನ್ನುತ್ತಾರೆ.

ಹಿಂದಿನ ಗಾಜಿನಿಂದ ಮೆಷಿನ್ ಕಾಣುತ್ತಿದ್ದರೆ ಸೇತುವೆಗಳ ಅಂಚು ನೋಡಿ. ಮೆಷಿನಿನ ಚಕ್ರಗಳನ್ನು ಹಿಡಿದಿಡುವ ಲೋಹದ ತಟ್ಟೆಗೆ ನಮ್ಮವರು ಸೇತುವೆ ಅನ್ನುತ್ತಾರೆ. ಅದರ ಅಂಚನ್ನು ಓರೆಯಾಗಿ ಕೊರೆದು ಕನ್ನಡಿಯಷ್ಟು ಹೊಳೆಸಿರುತ್ತಾರೆ. ಇದನ್ನು ಯಂತ್ರವೂ ಮಾಡುತ್ತದೆ. ಆದರೆ ಎರಡು ಅಂಚು ಒಳಮುಖವಾಗಿ ಸೇರುವ ಚೂಪು ಮೂಲೆಗೆ ತಿರುಗುವ ಉಪಕರಣ ಹೋಗುವುದಿಲ್ಲ. ಅದು ದುಂಡಗೆ ಮಾಡಿಬಿಡುತ್ತದೆ. ಮೂಲೆ ಚೂಪಾಗಿದೆ ಅಂದರೆ ಅಲ್ಲಿ ಕೈ ಓಡಾಡಿದೆ ಅನ್ನಬಹುದು. ಹೊಳಪು ಕೊಡಲು ಕೆಲವರು ಈಗಲೂ ಬೆಟ್ಟದಲ್ಲಿ ಬೆಳೆಯುವ ಜೆನ್ಷಿಯನ್ ಗಿಡದ ಒಣ ಕಾಂಡ ಬಳಸುತ್ತಾರೆ. ಇಷ್ಟೆಲ್ಲ ಮಾಡುವುದು ವಾಚಿನ ಒಳಗೆ. ಕೆಲವು ಸಲ ಯಾರೂ ನೋಡದ ಕಡೆ.

ಇದರಿಂದ ಸಮಯ ಸರಿಯಾಗುತ್ತದಾ? ಇಲ್ಲ. ಬೇಕಾ? ಅದು ನಿಮಗೆ ಬಿಟ್ಟದ್ದು. ಎಲ್ಲರೂ ಹಾಡಿನ ತಾಳ ಎಣಿಸಿಕೊಂಡು ಕೇಳುವುದಿಲ್ಲ. ಕೇಳುವವರಿಗೆ ಅದರದ್ದೇ ಸುಖ.

ಬೇರೆ ಬೇರೆ ಕಂಪನಿಯ ವಾಚಿನೊಳಗೆ ಒಂದೇ ಮೆಷಿನ್ ಇರುತ್ತದಂತೆ. ಮೋಸ ಅಲ್ವಾ?

ಮೋಸ ಅಲ್ಲ, ಹಳೆಯ ಪದ್ಧತಿ. ಈಟಿಎ 2824 ಎಂಬ ಸ್ವಿಸ್ ಮೆಷಿನ್ ಲೆಕ್ಕವಿಲ್ಲದಷ್ಟು ಹೆಸರುಗಳ ವಾಚಿನಲ್ಲಿದೆ. ಸೆಲಿಟಾ ಕಂಪನಿಯ ಎಸ್‌ಡಬ್ಲ್ಯು 200 ಅದೇ ರಚನೆಯದು. ಜಪಾನಿನ ಕಡೆಯಿಂದ ಸೀಕೋ ಬಳಗದ ಎನ್‌ಎಚ್ 35, ಸಿಟಿಜನ್ ಬಳಗದ ಮಿಯೋಟಾ ಮೆಷಿನ್‌ಗಳು. ಇವುಗಳಲ್ಲಿ ಒಂದು ಅನುಕೂಲ ಇದೆ. ಕೆಟ್ಟರೆ ರಿಪೇರಿ ಮಾಡಿಸುವುದು ಸುಲಭ.

ಆದರೆ ಒಂದೇ ಮೆಷಿನಿಗೂ ದರ್ಜೆ ಇದೆ. ಈಟಿಎ 2824 ನಾಲ್ಕು ದರ್ಜೆಯಲ್ಲಿ ಬರುತ್ತಿತ್ತು. ಮೇಲಿನ ದರ್ಜೆಯಲ್ಲಿ ಒಳ್ಳೆಯ ಹೇರ್‌ಸ್ಪ್ರಿಂಗ್ (ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ತೆಳು ಸುರುಳಿ) ಇರುತ್ತದೆ, ಮಲಗಿಸಿ, ನಿಲ್ಲಿಸಿ ಹೀಗೆ ಜಾಸ್ತಿ ಭಂಗಿಗಳಲ್ಲಿ ಇಟ್ಟು ಸರಿಹೊಂದಿಸಿರುತ್ತಾರೆ. ಹಾಗಾಗಿ ಮೆಷಿನ್ ಯಾವುದು ಅಂತ ಕೇಳಿದ ಮೇಲೆ ಯಾವ ದರ್ಜೆ ಅಂತಲೂ ಕೇಳಿ. ಮಾರುವವನು ತಡವರಿಸಿದರೆ ನೀವು ಸರಿಯಾದ ಪ್ರಶ್ನೆ ಕೇಳಿದ್ದೀರಿ. ಮೋಸ ಅನ್ನುವ ಮಾತು ಬರುವುದು ಬೇರೆ ಕಡೆ: ಮಾಮೂಲಿ ಮೆಷಿನಿಗೆ ಹೊಸ ಹೆಸರಿಟ್ಟು 'ನಮ್ಮದೇ ಮನೆಯಲ್ಲಿ ಮಾಡಿದ್ದು' ಅಂದಾಗ.

ಡಯಲ್ ಮೇಲೆ '17 ಜ್ಯುವೆಲ್ಸ್' ಅಂತ ಇದೆ. ಒಳಗಿರುವ ಹರಳಿಗೆ ಬೆಲೆ ಬರುತ್ತದಾ?

ಬರುವುದಿಲ್ಲ. ಅವು ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ. ಚಕ್ರದ ಅಚ್ಚು ತಿರುಗುವ ಕಡೆ ಸವೆತ ಆಗಬಾರದು ಅಂತ ಕೂರಿಸುತ್ತಾರೆ. ಕೀ ಕೊಡುವ ವಾಚಿಗೆ 17 ಸಾಕು. ಆಟೋಮ್ಯಾಟಿಕ್ ಆದರೆ ಇನ್ನಷ್ಟು ಬೇಕಾಗುತ್ತವೆ. ಹಿಂದೆ ಕೆಲವರು ಸಂಖ್ಯೆ ತೋರಿಸಲಿಕ್ಕೇ ಸುಮ್ನೆ ಅಲ್ಲಿ ಇಲ್ಲಿ ಹರಳು ತುರುಕಿದ್ದೂ ಉಂಟು.

'ಸ್ವಿಸ್ ಮೇಡ್' ಅಂದರೆ ಪೂರ್ತಿ ಸ್ವಿಟ್ಜರ್ಲೆಂಡಿನದ್ದೇ?

ಹಾಗೇನಿಲ್ಲ. 2017ರಿಂದ ಇರುವ ನಿಯಮದ ಪ್ರಕಾರ ವಾಚಿನ ತಯಾರಿಕೆ ಖರ್ಚಿನಲ್ಲಿ ಕನಿಷ್ಠ ಶೇಕಡಾ 60 ಅಲ್ಲಿ ಆಗಿರಬೇಕು. ಮೆಷಿನ್ ಸ್ವಿಸ್ ಆಗಿರಬೇಕು, ಕೇಸಿನೊಳಗೆ ಕೂರಿಸಿ ಕೊನೆಯ ತಪಾಸಣೆ ಮಾಡುವುದೂ ಅಲ್ಲೇ ಆಗಬೇಕು. ಉಳಿದದ್ದು ಎಲ್ಲಿಂದ ಬೇಕಾದರೂ ಬರಬಹುದು.

'30 ಮೀಟರ್ ವಾಟರ್ ರೆಸಿಸ್ಟೆಂಟ್' ಅಂತ ಬರೆದಿದೆ. ಈಜಬಹುದು ತಾನೇ?

ದಯವಿಟ್ಟು ಬೇಡ! ಈ ಒಂದು ಸಾಲು ನಂಬಿ ಹಾಳಾದ ವಾಚುಗಳನ್ನು ಒಂದು ಬಕೆಟ್ಟಿನಲ್ಲಿ ತುಂಬಿಸಬಹುದು.

30 ಮೀಟರ್ ಅಂದರೆ 3 ಬಾರ್ ಒತ್ತಡ, ಅದೂ ಕಾರ್ಖಾನೆಯ ಪರೀಕ್ಷೆಯಲ್ಲಿ, ಹೊಸ ವಾಚಿನಲ್ಲಿ. ಬಳಕೆಯಲ್ಲಿ ಅದರ ಅರ್ಥ ಕೈ ತೊಳೆಯುವಾಗ ಸಿಡಿದ ನೀರು, ಸಣ್ಣ ಮಳೆ. ಅಷ್ಟೇ. 50 ಮೀಟರ್ ಇದ್ದರೆ ಸ್ವಲ್ಪ ಧೈರ್ಯ. ಈಜಲು 100 ಮೀಟರ್ ನೋಡಿ. ನಿಜವಾದ ಡೈವಿಂಗ್ ವಾಚಿಗೆ ಐಎಸ್‌ಒ 6425 ಅನ್ನುವ ಬೇರೆ ಮಾನದಂಡವೇ ಇದೆ. ಅದರಲ್ಲಿ ಕನಿಷ್ಠ 100 ಮೀಟರ್ ಬೇಕು, ಮತ್ತು ಬರೆದದ್ದಕ್ಕಿಂತ ಕಾಲು ಪಾಲು ಜಾಸ್ತಿ ಒತ್ತಡದಲ್ಲಿ ಪರೀಕ್ಷೆ ಮಾಡುತ್ತಾರೆ.

ನೀರು ತಡೆಯುವುದು ತೆಳು ರಬ್ಬರ್ ಉಂಗುರಗಳು. ರಬ್ಬರ್ ಒಣಗುತ್ತದೆ, ಬಿರುಕು ಬಿಡುತ್ತದೆ. ಹತ್ತು ವರ್ಷದ ಹಿಂದೆ 200 ಮೀಟರ್ ಇದ್ದ ವಾಚು ಇವತ್ತು ಎಷ್ಟು ಅನ್ನುವುದು ಪರೀಕ್ಷೆ ಮಾಡದೆ ಯಾರಿಗೂ ಗೊತ್ತಿಲ್ಲ. ಬಿಸಿನೀರಿನ ಸ್ನಾನಕ್ಕಂತೂ ಯಾವ ವಾಚನ್ನೂ ಕಟ್ಟಿಕೊಂಡು ಹೋಗಬೇಡಿ. ಆವಿಯೂ ಸೋಪೂ ಆ ರಬ್ಬರಿಗೆ ವೈರಿಗಳು. ಗಾಜಿನ ಒಳಗೆ ಮಂಜು ಕಂಡರೆ ಅಂದೇ ರಿಪೇರಿಯವರ ಬಳಿ ಓಡಿ. ನಾಳೆ ಅಂದರೆ ತುಕ್ಕು ಕಾಯುವುದಿಲ್ಲ.

ಗಾಜು ಯಾವುದು ಒಳ್ಳೆಯದು?

ಗೀರು ಬೀಳಬಾರದು ಅಂದರೆ ಸಫೈರ್. ಗಡಸುತನದ ಮೋಸ್ ಅಳತೆಯಲ್ಲಿ ಅದು 9, ವಜ್ರ 10. ಧೂಳಿನಲ್ಲಿ, ಗೋಡೆಯಲ್ಲಿ, ಕಲ್ಲಿನಲ್ಲಿ ಇರುವ ಮರಳು ಸುಮಾರು 7. ಮಾಮೂಲಿ ಮಿನರಲ್ ಗಾಜು ಅದಕ್ಕಿಂತ ಕೆಳಗೆ. ಅದಕ್ಕೇ ಗೋಡೆಗೆ ಉಜ್ಜಿದ ತಕ್ಷಣ ಗೀರು.

ಹಾಗಂತ ಸಫೈರೇ ಎಲ್ಲದಕ್ಕೂ ಮೇಲು ಅಲ್ಲ. ಜೋರು ಏಟಿಗೆ ಅದು ಚೂರಾಗುತ್ತದೆ. ಚಂದ್ರನ ಮೇಲೆ ಹೋದ ಒಮೆಗಾ ಸ್ಪೀಡ್‌ಮಾಸ್ಟರಿನ ಗಾಜು ಗಾಜೇ ಅಲ್ಲ, ಒಂದು ಬಗೆಯ ಪ್ಲಾಸ್ಟಿಕ್. ಗೀರು ಬೀಳುತ್ತದೆ, ಆದರೆ ಚೂರಾಗಿ ತೇಲುವುದಿಲ್ಲ. ತೂಕವೇ ಇಲ್ಲದ ಕಡೆ ಗಾಜಿನ ಚೂರು ಕಣ್ಣಿನ ಮುಂದೆ ತೇಲಾಡಿದರೆ ಏನು ಗತಿ? ಪ್ಲಾಸ್ಟಿಕ್ಕಿನ ಸಣ್ಣ ಗೀರನ್ನು ಪಾಲಿಶ್ ಪೇಸ್ಟ್ ಹಾಕಿ ಉಜ್ಜಿ ಮನೆಯಲ್ಲೇ ತೆಗೆಯಬಹುದು. ಅದೂ ಒಂದು ಸುಖ.

ಹೊಸ ಆಟೋಮ್ಯಾಟಿಕ್ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತಿದೆ. ಕೆಟ್ಟಿತಾ?

ಹೆಚ್ಚಿನ ಸಲ ಅಯಸ್ಕಾಂತದ ಕಾಟ. ಫೋನಿನ ಕವರು, ಸ್ಪೀಕರು, ಚೀಲದ ಗುಂಡಿ, ಎಲ್ಲದರಲ್ಲೂ ಅಯಸ್ಕಾಂತ ಇದೆ. ಕೂದಲಿನಷ್ಟು ತೆಳು ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗು ಗಿಡ್ಡ ಆದ ಹಾಗೆ. ಚಕ್ರ ಬೇಗ ಬೇಗ ಆಡುತ್ತದೆ. ದಿಕ್ಸೂಚಿ ಹತ್ತಿರ ಹಿಡಿದು ನೋಡಿ, ಮುಳ್ಳು ಅಲುಗಿದರೆ ಅನುಮಾನ ನಿಜ. ಕಾಂತತ್ವ ತೆಗೆಯುವ ಪುಟ್ಟ ಯಂತ್ರದಲ್ಲಿ ಕೆಲವೇ ಸೆಕೆಂಡಿನ ಕೆಲಸ. ಹಿಂದೊಮ್ಮೆ ಒಂದು ಅಂಗಡಿಯವರು ಇಷ್ಟಕ್ಕೇ ಪೂರ್ತಿ ಸರ್ವಿಸ್ ಬಿಲ್ಲು ಕೊಟ್ಟಿದ್ದನ್ನು ಗಿರಾಕಿಯೊಬ್ಬರು ನನಗೆ ತೋರಿಸಿದ್ದರು. ಬಿಚ್ಚುವ ಮೊದಲು ಕಾಂತತ್ವ ನೋಡಿ ಅಂತ ನೀವೇ ಕೇಳಿ.

ಒಮೆಗಾದಂಥವರು ಈಗ ಸಿಲಿಕಾನ್ ಹೇರ್‌ಸ್ಪ್ರಿಂಗ್ ಹಾಕುತ್ತಾರೆ. 15,000 ಗಾಸ್ ಬಲದ ಅಯಸ್ಕಾಂತಕ್ಕೂ ಅವು ಜಗ್ಗುವುದಿಲ್ಲ.

ಕೀ ಎಷ್ಟು ಕೊಡಬೇಕು? ಜಾಸ್ತಿ ಆದರೆ ಸ್ಪ್ರಿಂಗ್ ತುಂಡಾಗುತ್ತದಾ?

ಕೀ ಕೊಡುವ ವಾಚಿಗೆ ದಿನಾ ಒಂದೇ ಹೊತ್ತಿಗೆ ಕೊಡಿ. ಬಿಗಿ ಆಯಿತು ಅನಿಸಿದ ಕಡೆ ನಿಲ್ಲಿಸಿ. ಆಟೋಮ್ಯಾಟಿಕ್‌ನಲ್ಲಿ ಆ ಭಯವೇ ಇಲ್ಲ. ತುಂಬಿದ ಮೇಲೆ ಸ್ಪ್ರಿಂಗಿನ ತುದಿ ಜಾರುತ್ತದೆ.

ನಿಜವಾದ ಅಪಾಯ ತಾರೀಖಿನದು. ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ತಾರೀಖು ಬದಲಿಸುವ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಆಗ ಕೀಯಿಂದ ತಾರೀಖು ತಿರುಗಿಸಿದರೆ ಹಲ್ಲು ಮುರಿಯಬಹುದು. ಮುಳ್ಳನ್ನು 6 ಗಂಟೆಗೆ ಇಳಿಸಿ, ಆಮೇಲೆ ತಾರೀಖು ಮುಟ್ಟಿ.

ದುಬಾರಿ ವಾಚು ಕೊಂಡಿಟ್ಟರೆ ಬೆಲೆ ಏರುತ್ತದಂತೆ?

ಕೆಲವೇ ಕೆಲವು ಮಾದರಿಗಳು ಏರುತ್ತವೆ. ಉಳಿದವು ಕಪಾಟಿನಿಂದ ಆಚೆ ಬಂದ ಕ್ಷಣವೇ ಇಳಿಯುತ್ತವೆ. 2022ರ ಮೊದಲ ತಿಂಗಳುಗಳಲ್ಲಿ ಕೆಲವು ರೋಲೆಕ್ಸ್, ಪಾಟೆಕ್ ಫಿಲಿಪ್, ಆಡಮಾರ್ ಪಿಗೇ ಮಾದರಿಗಳಿಗೆ ಹಳೆ ವಾಚಿನ ಮಾರುಕಟ್ಟೆಯಲ್ಲಿ ಹುಚ್ಚು ಬೆಲೆ ಬಂತು. ಅದನ್ನು ನೋಡಿ ಸಾಲ ಮಾಡಿ ಕೊಂಡವರೂ ಇದ್ದರು. ಆ ವರ್ಷ ಮುಗಿಯುವುದರೊಳಗೆ ಬೆಲೆ ಜರ್ರನೆ ಇಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅನ್ನುವುದನ್ನು ವ್ಯಾಪಾರಿಯಾಗಿ ಹೇಳಬಾರದು. ಆದರೂ ಹೇಳುತ್ತೇನೆ. ಕಟ್ಟಿಕೊಳ್ಳಲು ಹೆದರಿಕೆ ಆಗುವ ವಾಚನ್ನು ಕೊಳ್ಳಬೇಡಿ. ಡಬ್ಬಿಯಲ್ಲೇ ಇಡುವುದಾದರೆ ಅದರ ಫೋಟೋ ಸಾಕು.

ನಕಲಿ ಹೇಗೆ ಗುರುತಿಸುವುದು? ನೋಡಲು ಹಾಗೇ ಇರುವ ಬೇರೆ ಹೆಸರಿನ ವಾಚು ಕೊಳ್ಳಬಹುದಾ?

ಇವೆರಡೂ ಬೇರೆ. ಪ್ರಸಿದ್ಧ ಡೈವಿಂಗ್ ವಾಚಿನ ಆಕಾರ ಹೋಲುವ, ಆದರೆ ತನ್ನದೇ ಹೆಸರು ಹಾಕಿಕೊಂಡ ವಾಚುಗಳಿವೆ. ಅದು ಅಭಿರುಚಿಯ ಪ್ರಶ್ನೆ, ನನ್ನ ತಕರಾರಿಲ್ಲ. ಬೇರೆಯವರ ಹೆಸರನ್ನೇ ಡಯಲ್ ಮೇಲೆ ಹಾಕಿದರೆ ಅದು ನಕಲಿ. ಅದನ್ನು ನಾನು ಮಾರುವುದಿಲ್ಲ, ರಿಪೇರಿಗೂ ತೆಗೆದುಕೊಳ್ಳುವುದಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ. ಈಗಿನ ನಕಲಿಗಳು ನಮ್ಮಂಥವರನ್ನೂ ಬೀಳಿಸುವಷ್ಟು ಚೆನ್ನಾಗಿವೆ. ಡಯಲ್ ಮೇಲಿನ ಅಕ್ಷರದ ಅಂಚು, ತಾರೀಖಿನ ಅಂಕಿ ಕಿಟಕಿಯ ನಡುವೆ ಕೂತಿದೆಯಾ, ಕೇಸಿನ ಸಂಖ್ಯೆ ಮತ್ತು ಕಾಗದದ ಸಂಖ್ಯೆ ಒಂದೇನಾ ಅನ್ನುವುದು ಮೊದಲ ನೋಟ. ಕೊನೆಯ ಮಾತು ಹಿಂಬದಿ ಬಿಚ್ಚಿದಾಗಲೇ. ಹೊರಗೆ ಏನು ಬೇಕಾದರೂ ಅನುಕರಿಸಬಹುದು, ಮೆಷಿನನ್ನು ಹಾಗೇ ಮಾಡುವುದಕ್ಕೆ ಖರ್ಚು ಜಾಸ್ತಿ. ಹಳೆ ವಾಚು ಕೊಳ್ಳುವಾಗ ಬಿಚ್ಚಿ ತೋರಿಸಲು ಒಪ್ಪದವನಿಂದ ಕೊಳ್ಳಬೇಡಿ.

ತಾತನ ಹಳೆ ವಾಚು ಸಿಕ್ಕಿದೆ. ಪಾಲಿಶ್ ಮಾಡಿಸಿ, ಡಯಲ್ ಹೊಸದಾಗಿ ಬರೆಸಲಾ?

ನಿಲ್ಲಿ. ಮೊದಲು ಏನೂ ಮಾಡಬೇಡಿ. ಕೀ ಕೂಡ ಕೊಡಬೇಡಿ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಓಡಿಸಿದರೆ ಸವೆಯುತ್ತದೆ.

ಪಾಲಿಶ್ ಅಂದರೆ ಲೋಹ ತೆಗೆಯುವುದು. ಒಮ್ಮೆ ತೆಗೆದ ಅಂಚು ಮತ್ತೆ ಬರುವುದಿಲ್ಲ. ಮಾಸಿದ ಡಯಲ್ ಮೇಲೆ ಹೊಸ ಬಣ್ಣ ಬಳಿಸಿದರೆ ಕೊಳ್ಳುವವರ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ. ಮನೆಯವರ ಲೆಕ್ಕದಲ್ಲಿ ತಾತನ ಗುರುತೇ ಹೋಗುತ್ತದೆ. ಮೆಷಿನ್ ತೊಳೆಸಿ, ಎಣ್ಣೆ ಹಾಕಿಸಿ, ಗಾಜು ಬೇಕಿದ್ದರೆ ಬದಲಿಸಿ. ಬದಲಿಸಿದ ಹಳೆಯ ಭಾಗಗಳನ್ನು ಚೀಟಿ ಹಚ್ಚಿದ ಪೊಟ್ಟಣದಲ್ಲಿ ವಾಪಸ್ ಕೇಳಿ.

ಇನ್ನೊಂದು ಎಚ್ಚರಿಕೆ. ತುಂಬಾ ಹಳೆಯ ವಾಚಿನ ಮುಳ್ಳು, ಅಂಕಿಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದಿರುತ್ತಿದ್ದರು. ಹೊಳಪು ಸತ್ತರೂ ವಿಕಿರಣ ಸತ್ತಿರುವುದಿಲ್ಲ. ಅಂಥದ್ದನ್ನು ಮನೆಯಲ್ಲಿ ಬಿಚ್ಚಿ ಕೆರೆಯಬೇಡಿ.

ಎಷ್ಟು ವರ್ಷಕ್ಕೆ ಸರ್ವಿಸ್?

ಸ್ಪ್ರಿಂಗ್ ವಾಚಿಗೆ ಸುಮಾರು 5 ವರ್ಷ ಅಂತ ಇಟ್ಟುಕೊಳ್ಳಿ. ರೋಲೆಕ್ಸ್ ತನ್ನ ಹೊಸ ವಾಚುಗಳಿಗೆ ಹತ್ತು ವರ್ಷದ ಆಸುಪಾಸು ಅನ್ನುತ್ತದೆ. ದುಬಾರಿ ವಾಚಿನ ಒಂದು ಸರ್ವಿಸ್ ಖರ್ಚಿನಲ್ಲಿ ಒಳ್ಳೆಯ ಹೊಸ ಸೀಕೋ ಬರುತ್ತದೆ. ಇದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಿ. ಸೆಲ್ ವಾಚಿಗೆ ಒಂದೇ ನಿಯಮ: ಸತ್ತ ಸೆಲ್ಲನ್ನು ಒಳಗೆ ಬಿಡಬೇಡಿ. ಸೋರಿದರೆ ಮೆಷಿನ್ ಮುಗಿದ ಹಾಗೆ.

ನನ್ನ ಕೈಗೆ ಯಾವ ಅಳತೆ ಸರಿ?

ಡಬ್ಬಿಯ ಮೇಲೆ ಬರೆದ ಅಗಲ ಅರ್ಧ ಸತ್ಯ. ಬೆಲ್ಟ್ ಸಿಕ್ಕಿಸುವ ಕಾಲುಗಳು ಮೇಲಿನ ತುದಿಯಿಂದ ಕೆಳಗಿನ ತುದಿಗೆ ಎಷ್ಟು ಉದ್ದ ಅಂತ ನೋಡಿ. ಅವು ಮಣಿಕಟ್ಟಿನ ಆಚೆಗೆ ಚಾಚಿದರೆ ವಾಚು ದೊಡ್ಡದು. ಕನ್ನಡಿ ಮುಂದೆ ನಿಂತು ನೋಡಿ. ತಲೆ ಬಗ್ಗಿಸಿ ನೋಡಿದರೆ ಎಲ್ಲ ವಾಚೂ ದೊಡ್ಡದಾಗೇ ಕಾಣುತ್ತದೆ.

ನೀವು ಯಾವುದು ಕಟ್ಟುತ್ತೀರಿ?

ಕೆಲಸದ ದಿನ ಹಳೆಯದೊಂದು ಸೀಕೋ 5. ಗಾಜಿನ ಮೇಲೆ 2 ಗಂಟೆಯ ಬಳಿ ಗೀರು ಇದೆ, ಬದಲಿಸಿಲ್ಲ. ರಜೆಯ ದಿನ ಕೀ ಕೊಡುವ ಒಂದು ಸ್ವಿಸ್ ವಾಚು. ಅದನ್ನು ಕೊಳ್ಳಲು ನಾನೂ ವರ್ಷಗಟ್ಟಲೆ ಕೂಡಿಟ್ಟಿದ್ದೆ. ಅದು ದಿನಕ್ಕೆ 7 ಸೆಕೆಂಡು ಮುಂದೆ ಹೋಗುತ್ತದೆ. ಸರಿಮಾಡಲು ಕ್ಯಾಸಿಯೊ ನೋಡಿಕೊಳ್ಳುತ್ತೇನೆ.

ಕೊಳ್ಳುವ ಯೋಚನೆ ಇಲ್ಲ. ಸುಮ್ನೆ ನೋಡಿ ಹೋಗಲು ಬರಬಹುದಾ?

ಧಾರಾಳವಾಗಿ ಬನ್ನಿ. ಭೂತಗನ್ನಡಿ ನಾನೇ ಕೊಡುತ್ತೇನೆ. ಉಂಗುರ ಇದ್ದರೆ ತೆಗೆದು ಜೇಬಿಗೆ ಹಾಕಿ, ವಾಚನ್ನು ಬಟ್ಟೆ ಹಾಸಿದ ತಟ್ಟೆಯ ಮೇಲೇ ಹಿಡಿದು ನೋಡಿ. ಜನ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ಬಂದರೆ ಹಿಂಬದಿ ಬಿಚ್ಚಿಯೂ ತೋರಿಸುತ್ತೇನೆ.